ಬಿಸಿಲೇರುವ ಮುನ್ನ ಇಳಿಜಾರು ದಾಟಿ

ಈ ಸಲ ಚೆನ್ನೈನ ನುಂಗಂಬಾಕ್ಕಂನ ಒಂದೇ ಮನೆಯಿಂದ ಮೂರು ಪತ್ರ ಬಂದಿವೆ. ಮೂರಕ್ಕೂ ನಮ್ಮ ಚಾರಣ ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ಸರ್, ಮಗ ಏಪ್ರಿಲ್‌ನಲ್ಲಿ ಹಿಮಾಚಲಕ್ಕೆ ಚಾರಣ ಹೊರಟಿದ್ದಾನೆ. ಚಳಿಗಾಲ ಮುಗಿದ ಮೇಲೆ ಹಿಮ ಕುಸಿಯುವ ಭಯವಿಲ್ಲ ಅನ್ನುತ್ತಾನೆ. ನಿಜವೇ?
– ತಾಯಿ

ಉತ್ತರ: ಇಲ್ಲಮ್ಮ. ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ ಏಳು ಪ್ರವಾಸಿಗರು ಹಿಮಕುಸಿತಕ್ಕೆ ಬಲಿಯಾದದ್ದು 2023ರ ಏಪ್ರಿಲ್ 4ರಂದು. ವಸಂತದಲ್ಲಿ ಅಪಾಯ ಹೊತ್ತಿನ ಮೇಲೆ ನಿಂತಿರುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮ ಹೆಪ್ಪುಗಟ್ಟಿ, ಬೆಳಗ್ಗೆ ಬೂಟಿನಲ್ಲಿ ಒದ್ದರೂ ಜಗ್ಗುವುದಿಲ್ಲ. ಬಿಸಿಲೇರಿದಂತೆ ಕರಗಿದ ನೀರು ಒಳಗಿಳಿದು ಹಿಮದ ಹರಳುಗಳ ಹಿಡಿತ ಸಡಿಲಿಸುತ್ತದೆ. ಕಾಲು ಮೊಣಕಾಲಿನವರೆಗೆ ಹೂತುಕೊಳ್ಳುತ್ತಿದೆ, ಮೇಲಿನಿಂದ ಹಿಮದುಂಡೆಗಳು ಉರುಳಿ ಬರುತ್ತಿವೆ ಎಂದರೆ ಹಿಂದಿರುಗಲು ಆಗಲೇ ತಡವಾಗಿದೆ. ರಾತ್ರಿಯಿಡೀ ಮೋಡ ಕವಿದಿದ್ದರೆ ಹಿಮ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಅಂಥ ದಿನ ಬೆಳಗಿನ ಹೊತ್ತನ್ನೂ ನಂಬುವಂತಿಲ್ಲ.

ಪ್ರಶ್ನೆ: ನಮ್ಮ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಜೀವ ಹಿಡಿದಿದ್ದರಲ್ಲ? ಅಂದರೆ ಹುಡುಕಿ ತೆಗೆಯಲು ಸಮಯ ಸಿಗುತ್ತದೆ ತಾನೆ?
– ಅಜ್ಜ

ಉತ್ತರ: ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹಿರಿಯರೇ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, ಮದ್ರಾಸ್ ರೆಜಿಮೆಂಟಿನವರು ಸೇರಿ ಹತ್ತು ಮಂದಿ ಯೋಧರು ಹೂತುಹೋದರು. ಹೊರತೆಗೆಯುವಾಗ ಉಸಿರಿದ್ದದ್ದು ಹನುಮಂತಪ್ಪ ಒಬ್ಬರಿಗೇ. ಅವರೂ ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅಗೆದು ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿತೆಂದರೆ ಬದುಕುವವರು ಮೂವರಲ್ಲಿ ಒಬ್ಬರು. ಬಹುಪಾಲು ಜನ ಸಾಯುವುದು ಚಳಿಗಲ್ಲ, ಉಸಿರುಕಟ್ಟಿ. ಹೊರಗಿನ ರಕ್ಷಣಾ ತಂಡ ಬರುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ಬದುಕಿಸಿದರೆ ಜೊತೆಗಿದ್ದವರೇ ಬದುಕಿಸಬೇಕು.

ಪ್ರಶ್ನೆ: ಹಾಗಾದರೆ ನಾನು ಏನೇನು ಒಯ್ಯಬೇಕು, ಸರ್?
– ಮಗ

ಉತ್ತರ: ಹಿಮದ ಇಳಿಜಾರು ದಾಟುವ ದಾರಿಯಾದರೆ ಬೀಕನ್ (ಹೂತವರಿರುವ ಜಾಗ ತಿಳಿಸುವ ಸಂಕೇತ ಸಾಧನ), ಪ್ರೋಬ್ (ಹಿಮದಲ್ಲಿ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆ – ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು, ಬಳಸಿ ಅಭ್ಯಾಸವೂ ಆಗಿರಬೇಕು. ಅದಕ್ಕಿಂತ ಮುಖ್ಯ ದಾರಿಯ ಆಯ್ಕೆ. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಮೊಬೈಲಿನಲ್ಲೇ ಕೋನ ಅಳೆಯಬಹುದು. ನೀವು ನಡೆಯುವ ಜಾಗ ಸಮತಟ್ಟಾಗಿದ್ದರೂ ನೆತ್ತಿಯ ಮೇಲಿನ ಇಳಿಜಾರು ನೋಡಿಕೊಳ್ಳಿ. ಕಡಿದಾದಲ್ಲಿ ಒಬ್ಬೊಬ್ಬರಾಗಿ ದಾಟಿ, ಅದರ ಕೆಳಗೆ ಊಟಕ್ಕೆ ಕೂರಬೇಡಿ. ಹೊಸ ಹಿಮ ಬಿದ್ದರೆ ಒಂದೆರಡು ದಿನ ಕಾಯಿರಿ. ಹಿಮಾಲಯದ ಹಿಮಕುಸಿತದ ಮುನ್ನೆಚ್ಚರಿಕೆ ಕೊಡುವುದು ಚಂಡೀಗಢದಲ್ಲಿರುವ ಡಿಆರ್‌ಡಿಓದ ಸಂಸ್ಥೆ ಡಿಜಿಆರ್‌ಇ. ಹೊರಡುವ ಮುನ್ನ ಆ ಮುನ್ನೆಚ್ಚರಿಕೆ ನೋಡಿ.

ಮುಂಗಡ ಕಟ್ಟುವ ಮೊದಲು ಕರೆದೊಯ್ಯುವವರನ್ನು ಎರಡು ಮಾತು ಕೇಳಿ: ಬೆಳಗ್ಗೆ ಎಷ್ಟು ಗಂಟೆಗೆ ಹೊರಡುತ್ತೀರಿ? ಹಿಮ ಮೆತ್ತಗಾದರೆ ವಾಪಸಾಗಲು ಹೇಳುವವರು ಯಾರು? ಉತ್ತರ ತಡವರಿಸಿದರೆ ದುಡ್ಡು ಕಟ್ಟಬೇಡಿ.