ಹಳೆಯ ರ‍್ಯಾಮ್ ಉಳಿಸಿಕೊಟ್ಟ ದುಡ್ಡು

ಮಗ ಎರಡು ತಿಂಗಳಿಂದ ಕೇಳುತ್ತಿದ್ದುದು ಹೊಸ ಗ್ರಾಫಿಕ್ಸ್ ಕಾರ್ಡು. ಆಟ ನಡುವೆ ತಡವರಿಸುತ್ತದೆ, ಎದುರಾಳಿ ಕಾಣುವಷ್ಟರಲ್ಲಿ ತನ್ನ ಆಟಗಾರ ಸತ್ತಿರುತ್ತಾನೆ ಎಂಬುದು ಅವನ ದೂರು. ಕಳೆದ ಸೆಪ್ಟೆಂಬರಿನ ಒಂದು ಭಾನುವಾರ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಪರದೆಯ ಮೂಲೆಯಲ್ಲಿ, ಯಾವ ಭಾಗ ಶೇಕಡಾ ಎಷ್ಟು ದುಡಿಯುತ್ತಿದೆ ಎಂದು ಹೇಳುವ ಎರಡು ಅಂಕಿ ಓಡುತ್ತಿದ್ದವು. ಪ್ರೊಸೆಸರ್ 100, ಗ್ರಾಫಿಕ್ಸ್ ಕಾರ್ಡು 55. ಚಿತ್ರದ ಗುಣಮಟ್ಟವನ್ನು ತೀರಾ ಕೆಳಕ್ಕೆ ಇಳಿಸಿ ಆಡು ಎಂದೆ. ಇಳಿಸಿದ. ಆಟದ ವೇಗ ಒಂದಿಷ್ಟೂ ಏರಲಿಲ್ಲ.

"ಅವ್ವಾ, ಕಾರ್ಡಿಗೆ ಕೆಲಸನ ಇಲ್ಲ. ದಣದಿದ್ದು ಪ್ರೊಸೆಸರ್" ಅಂದ.

ಕಾಸು ಖರ್ಚಿಲ್ಲದ ಆ ಹತ್ತು ನಿಮಿಷದ ಪರೀಕ್ಷೆ ಮಾಡದೇ ಹೋಗಿದ್ದರೆ ಇಪ್ಪತ್ತು ಸಾವಿರ ಕೊಟ್ಟು ಕಾರ್ಡು ತಂದು, ಅದನ್ನೂ ಹೀಗೇ ಖಾಲಿ ಕೂರಿಸುತ್ತಿದ್ದೆವು. ಚಿತ್ರದ ಗುಣಮಟ್ಟ ಇಳಿಸಿದಾಗ ವೇಗ ಏರಿದರೆ ಕೊರತೆ ಕಾರ್ಡಿನದು. ಏರದಿದ್ದರೆ ಪ್ರೊಸೆಸರಿನದು.

ನಾನು ಕೊಪ್ಪಳದಲ್ಲಿ ಸಹಕಾರಿ ಸಂಘವೊಂದರ ಲೆಕ್ಕ ಬರೆಯುವವಳು. ಮಗ ಡಿಪ್ಲೊಮಾ ಓದುತ್ತಾನೆ. ಅವನ ಕಾಲೇಜಿನ ಕೆಲಸ, ನನ್ನ ಲೆಕ್ಕದ ಹಾಳೆ, ರಾತ್ರಿಯ ಆಟ ಎಲ್ಲಕ್ಕೂ ಇರುವುದು ಇದೊಂದೇ ಯಂತ್ರ. 2018ರಲ್ಲಿ ಹುಬ್ಬಳ್ಳಿಯಲ್ಲಿ ಜೋಡಿಸಿ ತಂದದ್ದು. ಇಂಟೆಲ್ ಕೋರ್ ಐ5-7400 ಪ್ರೊಸೆಸರ್, ನಾಲ್ಕು ಕೋರ್. 16 ಜಿಬಿ ಡಿಡಿಆರ್4 ರ‍್ಯಾಮ್. ಎರಡು ವರ್ಷದ ನಂತರ ಹಾಕಿಸಿದ ಜಿಟಿಎಕ್ಸ್ 1650 ಕಾರ್ಡು. ಆಟವೊಂದೇ ಕಾರಣವಾಗಿದ್ದರೆ ಇನ್ನೊಂದು ವರ್ಷ ತಳ್ಳುತ್ತಿದ್ದೆ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ, ಕೆಲವು ಅಪವಾದ ಬಿಟ್ಟರೆ, ಇಂಟೆಲ್ಲಿನ ಎಂಟನೆಯ ತಲೆಮಾರಿನಿಂದ ಮುಂದಿನವೇ ಆಗಬೇಕು. ನಮ್ಮದು ಏಳನೆಯದು. ಒಂದೇ ಮೆಟ್ಟಿಲು ಕೆಳಗೆ.

ಹಾಗಾದರೆ ಎಂಟನೆಯದೋ ಒಂಬತ್ತನೆಯದೋ ಹಳೆಯ ಪ್ರೊಸೆಸರ್ ತಂದು ಇದೇ ಬೋರ್ಡಿನಲ್ಲಿ ಕೂರಿಸಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಕುಷ್ಟಗಿಯಲ್ಲಿರುವ ನನ್ನ ತಂಗಿಯ ಮಗನಿಗೂ ಅನ್ನಿಸಿತ್ತು. ಎರಡಕ್ಕೂ ಸಾಕೆಟ್ಟಿನ ಹೆಸರು 1151. ನೋಡಿದರೆ ಕೂರುವ ಹಾಗೇ ಕಾಣುತ್ತದೆ. ಅವನು ಐದು ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಒಂಬತ್ತನೆಯ ತಲೆಮಾರಿನದು ತಂದ. ಯಂತ್ರ ಏಳಲೇ ಇಲ್ಲ. ಎಂಟು, ಒಂಬತ್ತನೆಯ ತಲೆಮಾರಿಗೆ 300 ಸರಣಿಯ ಚಿಪ್‌ಸೆಟ್ ಇರುವ ಬೋರ್ಡೇ ಬೇಕು, ಹಳೆಯ ಬೋರ್ಡು ಅದನ್ನು ಗುರುತಿಸುವುದಿಲ್ಲ. ಮಾರಿದವನು ಫೋನ್ ಎತ್ತುವುದನ್ನು ಬಿಟ್ಟ. ಆ ಹುಡುಗ ಬೇಸಿಗೆ ರಜೆಯಲ್ಲಿ ದಾಳಿಂಬೆ ತೋಟದಲ್ಲಿ ದುಡಿದು ಕೂಡಿಸಿದ ದುಡ್ಡದು. ನೆನೆದರೆ ಈಗಲೂ ಹೊಟ್ಟೆ ಚುರ್ ಎನ್ನುತ್ತದೆ.

ಅಂದರೆ ಪ್ರೊಸೆಸರ್ ಬದಲಿಸಬೇಕೆಂದರೆ ಬೋರ್ಡೂ ಬದಲಾಗಬೇಕು. ಬೋರ್ಡು ಬದಲಾದರೆ ಅದರ ಹಿಂದೆ ಏನೇನು ಎದ್ದು ಬರುತ್ತದೆ ಎಂಬುದೇ ನಿಜವಾದ ಲೆಕ್ಕ.

ಮಗನ ಮನಸ್ಸು ಎಎಂಡಿಯ ಹೊಸ ಎಎಂ5 ಸಾಕೆಟ್ಟಿನ ಮೇಲಿತ್ತು. 2022ರಲ್ಲಿ ಬಂದದ್ದು, ಮುಂದೆಯೂ ಕೆಲವು ವರ್ಷ ಅದಕ್ಕೆ ಹೊಸ ಪ್ರೊಸೆಸರ್ ಬರುತ್ತವೆ ಎಂಬ ಅವನ ವಾದ ಸರಿಯಾದದ್ದೇ. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಹಿಡಿಸುತ್ತದೆ. ನಮ್ಮ 16 ಜಿಬಿ ಮೂಲೆಗೆ ಬೀಳುತ್ತದೆ. ಅದೂ ಎಂಥ ಹೊತ್ತಿನಲ್ಲಿ! ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಸರ್ವರ್ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿದ್ದುದರಿಂದ ಕಳೆದ ವರ್ಷದ ಕೊನೆಗೆ ರ‍್ಯಾಮ್ ದರ ಮುಗಿಲು ಮುಟ್ಟಿತ್ತು. ಸೆಪ್ಟೆಂಬರಿನಲ್ಲಿ ನಾನು ಕೇಳಿದ್ದ ಡಿಡಿಆರ್5 ದರ ಡಿಸೆಂಬರಿಗೆ ಎರಡು ಪಟ್ಟು ದಾಟಿತ್ತು. ಅದೇ ಡಿಸೆಂಬರ್ 3ರಂದು ಮೈಕ್ರಾನ್ ಕಂಪನಿ, ಮನೆ ಬಳಕೆಯ ಗಿರಾಕಿಗಳಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನೇ ಮುಚ್ಚುವುದಾಗಿ ಪ್ರಕಟಿಸಿತು.

2018ರಲ್ಲಿ ಕೊಂಡಿದ್ದ ಎರಡು ರ‍್ಯಾಮ್ ಪಟ್ಟಿಗಳು ಹೀಗೆ ನಮ್ಮ ಮನೆಯಲ್ಲಿ ಬೆಲೆಬಾಳುವ ವಸ್ತುವಾದವು. ಅವು ಕೂರುವಂಥ ಬೋರ್ಡನ್ನೇ ಹುಡುಕಬೇಕು ಎಂದು ನಿಶ್ಚಯಿಸಿದೆ. ಅಂಥವು ಎರಡು ದಾರಿ. ಡಿಡಿಆರ್4 ಬೋರ್ಡಿನ ಜೊತೆ ಇಂಟೆಲ್ ಐ5-12400ಎಫ್, ಇಲ್ಲವೇ ಎಎಂಡಿಯ ಹಳೆಯ ಎಎಂ4 ಬೋರ್ಡಿನ ಜೊತೆ ರೈಜೆನ್ 5 5600. ಎರಡಕ್ಕೂ ಆರು ಕೋರ್, ಹನ್ನೆರಡು ಥ್ರೆಡ್. ಎಎಂ4ಗೆ ಮುಂದೆ ದೊಡ್ಡ ಭವಿಷ್ಯವಿಲ್ಲ, ನಿಜ. ಏಳು ವರ್ಷ ಒಂದೇ ಪ್ರೊಸೆಸರಿನಲ್ಲಿ ಕಳೆದ ಮನೆಗೆ ಆ ಭವಿಷ್ಯದ ಬೆಲೆ ಎಷ್ಟು ಎಂದು ಮಗನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೂಂ ಅಂದ. ಎಎಂ4 ಬೋರ್ಡು, ರೈಜೆನ್ ಎಂದು ಗಟ್ಟಿಯಾಯಿತು.

ದರ ಮೂರು ಕಡೆ ವಿಚಾರಿಸಿದೆವು. ಯಲಬುರ್ಗಾದ ನನ್ನ ತಮ್ಮ, 2025ರ ಮೇ ತಿಂಗಳಲ್ಲಿ ಶುರುವಾದ ಕುಷ್ಟಗಿ–ಹುಬ್ಬಳ್ಳಿ ರೈಲಿನಲ್ಲಿ ತನ್ನ ಕೆಲಸಕ್ಕೆ ಹೋದವನು ಹುಬ್ಬಳ್ಳಿಯ ಎರಡು ಅಂಗಡಿಯಲ್ಲಿ ಕೇಳಿ ಬಂದ. ಆನ್‌ಲೈನ್ ದರ ಮಗ ನೋಡಿದ. ಮೂರನೆಯದು ಗಂಗಾವತಿಯ ಅಂಗಡಿ. ಗಂಗಾವತಿಯಲ್ಲಿ ಎಲ್ಲಕ್ಕಿಂತ 900 ರೂಪಾಯಿ ಹೆಚ್ಚು. ಆದರೂ ಅಲ್ಲೇ ಕೊಂಡೆ. ಕೆಟ್ಟರೆ ಬಸ್ಸು ಹತ್ತಿ ಹೋಗಿ ಮೇಜಿನ ಮೇಲೆ ಇಡಬಹುದು, ಕಳಿಸುವುದು ತರಿಸುವುದು ಅವರ ಪಾಲು.

"ಅಕ್ಕಾರ, ಬಿಲ್ ಬ್ಯಾಡಂದ್ರ ಸಾವಿರದ ಐನೂರು ಕಡಿಮಿ ಮಾಡಿ ಕೊಡ್ತೀನ್ರಿ" ಅಂದರು ಅಂಗಡಿಯವರು.

ಪ್ರೊಸೆಸರ್ 12,200, ಬಿ550 ಬೋರ್ಡು 9,300; ಒಟ್ಟು 21,500. ಇದರಲ್ಲಿ 18% ಜಿಎಸ್‌ಟಿಯೇ 3,280 ರೂಪಾಯಿ. ಆಸೆ ಹುಟ್ಟಿಸುವ ಮಾತೇ. ಆದರೆ ಎರಡಕ್ಕೂ ಮೂರು ವರ್ಷದ ವಾರಂಟಿ ಇತ್ತು, ಅದಕ್ಕೆ ಕೈಯಲ್ಲಿರುವ ಸಾಕ್ಷಿ ಬಿಲ್ಲು. 1,500 ಉಳಿಸಿ 21,500ರ ರಕ್ಷಣೆ ಬಿಟ್ಟುಕೊಡುವುದು ನನ್ನ ಲೆಕ್ಕಕ್ಕೆ ಹೊಂದಲಿಲ್ಲ. ಸೀರಿಯಲ್ ನಂಬರ್ ಸಮೇತ ಬಿಲ್ ಬರೆಸಿದೆ. ಜೋಡಣೆಗೆ ಅವರು ಕೇಳಿದ 500ಕ್ಕೆ ಚೌಕಾಶಿ ಮಾಡಲಿಲ್ಲ. ಎಎಂ4 ಪ್ರೊಸೆಸರಿನ ಅಡಿಯಲ್ಲಿ 1,331 ಪಿನ್ನುಗಳಿರುತ್ತವೆ. ಕೈತಪ್ಪಿ ಒಂದು ಬಾಗಿದರೂ ಅದು ವಾರಂಟಿಗೆ ಸೇರುವುದಿಲ್ಲ. ಅವರು ಮೂಲೆಯ ಚಿನ್ನದ ಬಣ್ಣದ ತ್ರಿಕೋನ ನೋಡಿ, ಒತ್ತದೆ, ಬಿಡಿಸಿದ ಹೂವು ಇಟ್ಟ ಹಾಗೆ ಇಟ್ಟರು. ಆ ಕೈಗೆ 500 ಹೆಚ್ಚಲ್ಲ.

ದುಡ್ಡು ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ತಿಂಗಳಿಗೆ 2,000ದಂತೆ ಒಂದು ವರ್ಷ ಬ್ಯಾಂಕಿನಲ್ಲಿ ಆರ್‌ಡಿ ಕಟ್ಟಿದ್ದೆ. ಡಿಸೆಂಬರಿನಲ್ಲಿ ಕೈಗೆ ಬಂದದ್ದು 24,845. ಮಗ ದೀಪಾವಳಿಯಲ್ಲೇ ಆನ್‌ಲೈನ್‌ನಲ್ಲಿ 'ನೋ ಕಾಸ್ಟ್ ಇಎಂಐ' ತೋರಿಸಿದ್ದ. ಬಡ್ಡಿಯಿಲ್ಲದ ಕಂತು ಎಂಬುದು ಬ್ಯಾಂಕಿನ ಪುಸ್ತಕದಲ್ಲಿಲ್ಲ. ಶೂನ್ಯ ಬಡ್ಡಿಯ ಯೋಜನೆಗಳಿಗೆ ರಿಸರ್ವ್ ಬ್ಯಾಂಕ್ 2013ರಲ್ಲೇ ತಡೆ ಹಾಕಿದೆ. ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟನ್ನು ಮಾರುವವರು ಬೆಲೆಯಲ್ಲಿ ಇಳಿಸಿ ಕೊಡುತ್ತಾರೆ. ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ಮಾತ್ರ ನಮ್ಮದೇ, ಪ್ರೊಸೆಸಿಂಗ್ ಶುಲ್ಕವೂ ನಮ್ಮದೇ. ಆರು ತಿಂಗಳಿಗೆ ಲೆಕ್ಕ ಹಾಕಿದರೆ ಹೆಚ್ಚುವರಿ 400ರ ಹತ್ತಿರ ಬಂತು. ಮೊತ್ತ ದೊಡ್ಡದಲ್ಲ. ಹೆಸರು ಹೇಳುವುದಕ್ಕೂ ನಡೆಯುವುದಕ್ಕೂ ಇರುವ ಅಂತರ ಮಗನಿಗೆ ತಿಳಿಯಲೆಂದು ಕಾಗದದ ಮೇಲೆ ಬರೆದು ತೋರಿಸಿದೆ.

ನಾನು ಎಡವಿದ್ದು ಬೇರೆ ಕಡೆ. ಅಂದಾಜು ಪಟ್ಟಿಯಲ್ಲಿ ವಿಂಡೋಸ್ ಬರೆದೇ ಇರಲಿಲ್ಲ. ಇದ್ದದ್ದು ಅಸಲಿ ಲೈಸೆನ್ಸೇ, ಆದರೆ ಒಇಎಂ ಬಗೆಯದು. ಅದು ಯಾವ ಮದರ್‌ಬೋರ್ಡಿನ ಮೇಲೆ ಮೊದಲು ಕೂತಿತೋ ಅದರ ಜೊತೆಯೇ ಬದುಕಿ ಸಾಯುತ್ತದೆ. ರೀಟೇಲ್ ಬಗೆಯದಾಗಿದ್ದರೆ ಹೊಸ ಬೋರ್ಡಿಗೆ ವರ್ಗಾಯಿಸಬಹುದಿತ್ತು. ಹೊಸದಕ್ಕೆ 9,400 ಹೋಯಿತು. ಬೋರ್ಡಿಗಿಂತ 100 ಹೆಚ್ಚು! ಒಟ್ಟು ಖರ್ಚು 31,400ಕ್ಕೆ ನಿಂತಿತು. ಆರ್‌ಡಿ ಕಳೆದು ಕೊರತೆ ಬಿದ್ದ 6,555ನ್ನು ಮಾಳಿಗೆ ಸೋರುವುದಕ್ಕೆಂದು ಎತ್ತಿಟ್ಟಿದ್ದ ಹಣದಿಂದ ತೆಗೆದೆ. ತೆಗೆದ ದಿನವೇ ಡೈರಿಯಲ್ಲಿ ಸಾಲವೆಂದು ಬರೆದು, ಮೂರು ಸಂಬಳದಲ್ಲಿ ಮಳೆಗಾಲಕ್ಕೆ ಮೊದಲೇ ಭರ್ತಿ ಮಾಡಿದೆ. ನೀವು ಬೋರ್ಡು ಬದಲಿಸುವವರಿದ್ದರೆ ನಿಮ್ಮ ಲೈಸೆನ್ಸ್ ಯಾವ ಬಗೆಯದು ಎಂದು ಮೊದಲು ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಕರೆಂಟಿನದು ಇನ್ನೊಂದು ಚಿಂತೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ನಮಗೆ ತಿಂಗಳಿಗೆ ಸಿಗುವುದು 2022–23ರ ಸರಾಸರಿ ಬಳಕೆಯ ಮೇಲೆ 10% ಸೇರಿಸಿ 114 ಯೂನಿಟ್. ಅದನ್ನು ಮೀರಿದ ಯೂನಿಟ್ಟಿಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ಯಂತ್ರ ಆಟದಲ್ಲಿದ್ದಾಗ 210 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಮೂರು ತಾಸಿನಂತೆ ತಿಂಗಳಿಗೆ 19 ಯೂನಿಟ್. ಏರ್ ಕೂಲರ್ ಇಡೀ ದಿನ ತಿರುಗುವ ಏಪ್ರಿಲ್–ಮೇನಲ್ಲಿ ಈ 19 ಭಾರವೇ. ಸಮಾಧಾನವೆಂದರೆ ಹಳೆಯ ಪ್ರೊಸೆಸರಿನ ಅಳತೆಯೂ 65 ವ್ಯಾಟ್, ಹೊಸದರದೂ 65 ವ್ಯಾಟ್. ಹೀಗಾಗಿ ಹಳೆಯ 450 ವ್ಯಾಟಿನ ಪವರ್ ಸಪ್ಲೈ, ಯುಪಿಎಸ್ ಎರಡೂ ಹಾಗೇ ಉಳಿದವು.

ಬಿಚ್ಚಿದ ಬೋರ್ಡು, ಪ್ರೊಸೆಸರ್ ಎರಡನ್ನೂ ಮಾರಿದರೆ ನಾಲ್ಕು ಸಾವಿರ ಬರುತ್ತಿತ್ತು. ಮಾರಲಿಲ್ಲ. ತಮ್ಮನ ಮಗಳು ಟ್ಯಾಲಿ ಕಲಿಯುತ್ತಿದ್ದಾಳೆ. ನಿಂತುಹೋಗಿದ್ದ ಅವರ ಮನೆಯ ಡಬ್ಬಿಗೆ ಅವು ಹೋದವು. ನನಗೆ ಪೆಟ್ಟು ಕೊಟ್ಟ ಒಇಎಂ ನಿಯಮ ಅವಳಿಗೆ ಒದಗಿತು: ಲೈಸೆನ್ಸ್ ಬೋರ್ಡಿನ ಜೊತೆಯೇ ಯಲಬುರ್ಗಾಕ್ಕೆ ಹೋಯಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಟ್ಟಿರುವ ಹೆಚ್ಚುವರಿ ವರ್ಷದ ಭದ್ರತಾ ಅಪ್‌ಡೇಟಿಗೆ ಹೆಸರು ನೋಂದಾಯಿಸಿಕೊಟ್ಟೆವು. 2026ರ ಅಕ್ಟೋಬರ್ 13ರವರೆಗೆ ಚಿಂತೆಯಿಲ್ಲ. ಆಮೇಲೆ ಲಿನಕ್ಸ್ ಹಾಕಿಕೊಡುವುದಾಗಿ ಮಗ ಮಾತು ಕೊಟ್ಟಿದ್ದಾನೆ.

ಮನೆಯ ಯಂತ್ರದಲ್ಲಿ ಈಗ ಮೂಲೆಯ ಅಂಕಿಗಳು ಅದಲುಬದಲಾಗಿವೆ. ಪ್ರೊಸೆಸರ್ 50, ಕಾರ್ಡು 98. ತಡವರಿಕೆ ಹೋಯಿತು.

"ಅವ್ವಾ, ಈಗ ಕಾರ್ಡ್ ದಣದೈತಿ ನೋಡು" ಅಂದ ಮಗ ಮೊನ್ನೆ, ಮೆಲ್ಲಗೆ.

ಜನವರಿಯಿಂದ 1,500ರ ಹೊಸ ಆರ್‌ಡಿ ನಡೆಯುತ್ತಿದೆ. ಪಾಸ್‌ಬುಕ್ಕು ಅವನ ಕೈಗೆ ಕೊಟ್ಟೆ. ಕಂತು ತುಂಬುವ ದಿನ ನೆನಪಿಸುವ ಕೆಲಸ ಇನ್ನು ಅವನದು.