ಪ್ರಸಾದವೂ ಕಾಯಕವೂ ಯಕೃತ್ತಿನ ಆರೋಗ್ಯವೂ

ಮದ್ಯಮಾಂಸಗಳನ್ನು ವರ್ಜಿಸಿದವನಿಗೆ ಯಕೃತ್ತಿನ ರೋಗವು ಬಾರದೆಂಬ ನಂಬಿಕೆಯು ವೀರಶೈವ ಮನೆತನಗಳಲ್ಲಿ ಬಲವಾಗಿ ಬೇರೂರಿದೆ. ಈಲಿಯೆಂದೂ ಪಿತ್ತಜನಕಾಂಗವೆಂದೂ ಕರೆಯಲ್ಪಡುವ ಈ ಅವಯವವು ಕೆಡುವುದು ಕುಡುಕರಿಗೆ ಮಾತ್ರವೆಂದು ಜನರ ಎಣಿಕೆ. ಹೀಗಿರಲು, ನಿತ್ಯವೂ ಲಿಂಗಾರ್ಚನೆಮಾಡಿ ಪ್ರಸಾದವನ್ನಲ್ಲದೆ ಬೇರೊಂದನ್ನು ಮುಟ್ಟದ ಗೃಹಸ್ಥನೊಬ್ಬನು ಬೇರಾವುದೋ ಕಾರಣಕ್ಕಾಗಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡಾಗ, ಯಕೃತ್ತಿನಲ್ಲಿ ಕೊಬ್ಬು ತುಂಬಿದೆಯೆಂದು ವೈದ್ಯರು ಹೇಳಿದರೆ ಮನೆಯವರಿಗೆ ದಿಗಿಲು, ನೆರೆಯವರಿಗೆ ಸಂಶಯ. ಮರೆಯಲ್ಲಿ ಕುಡಿಯುತ್ತಿದ್ದನೋ ಏನೋ ಎಂಬ ಪಿಸುಮಾತು ಹುಟ್ಟುವುದು. ಆ ನಿರಪರಾಧಿಯು ರೋಗಕ್ಕಿಂತ ಈ ಮಾತಿಗೇ ಹೆಚ್ಚು ನೋಯುವನು. ನೆರೆಯವರ ಮಾತು ಸುಳ್ಳು. ವೈದ್ಯರ ಮಾತು ನಿಜ. ಇವೆರಡೂ ಏಕಕಾಲದಲ್ಲಿ ಹೇಗೆ ಸಲ್ಲುವುವೆಂಬುದನ್ನು ಶರಣರ ಪ್ರಸಾದತತ್ತ್ವ ಮತ್ತು ಕಾಯಕತತ್ತ್ವಗಳ ಬೆಳಕಿನಲ್ಲಿ ವಿಚಾರಿಸುವುದು ಈ ಪಾಠದ ಉದ್ದೇಶ.

ಈ ವ್ಯಾಧಿಯು ಮದ್ಯಪಾನವಿಲ್ಲದವರಿಗೂ ಬರುವುದೆಂಬ ಅರಿವು ವೈದ್ಯಲೋಕದಲ್ಲಿಯೂ ಬಹಳ ಹಳೆಯದಲ್ಲ. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಲುಡ್ವಿಗ್ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ 20 ಮಂದಿ ರೋಗಿಗಳ ಯಕೃತ್ತನ್ನು ಪರೀಕ್ಷಿಸಿ, ಕುಡುಕರಲ್ಲಿ ಕಾಣುವ ವಿಕಾರಗಳೇ ಕುಡಿಯದ ಇವರಲ್ಲಿಯೂ ಇರುವುದನ್ನು ವರ್ಣಿಸಿದರು. ಅವರಲ್ಲಿ ಹೆಚ್ಚಿನವರು ಸ್ಥೂಲದೇಹಿಗಳು, ಅನೇಕರಿಗೆ ಮಧುಮೇಹವಿದ್ದಿತು. ಬಹುಕಾಲ ಇದನ್ನು ‘ಮದ್ಯಜನ್ಯವಲ್ಲದ್ದು’ ಎಂಬ ನಿಷೇಧಪದದಿಂದಲೇ ಕರೆಯುತ್ತಿದ್ದರು. ಏನಲ್ಲವೆಂಬುದನ್ನು ಹೇಳುವ ಹೆಸರು ಏನೆಂಬುದನ್ನು ಹೇಳಲಾರದು. ಆದುದರಿಂದ 2023ರಲ್ಲಿ ನಾನಾ ದೇಶಗಳ ತಜ್ಞರು ಆ ಹೆಸರನ್ನು ಬಿಟ್ಟು, ಚಯಾಪಚಯದ ದೋಷಕ್ಕೆ ಸಂಬಂಧಿಸಿದ ಕೊಬ್ಬಿನ ಯಕೃದ್ರೋಗವೆಂಬ ಅರ್ಥದ ಹೊಸ ಹೆಸರನ್ನಿಟ್ಟರು. ಚಯಾಪಚಯವೆಂದರೆ ಉಂಡ ಅನ್ನವು ಶಕ್ತಿಯಾಗಿಯೂ ಧಾತುವಾಗಿಯೂ ಮಾರ್ಪಡುವ, ಧಾತುವು ಕರಗಿ ಮತ್ತೆ ಶಕ್ತಿಯಾಗುವ ವ್ಯಾಪಾರ. ಭಾರತ ಸರ್ಕಾರವು 2021ರಲ್ಲಿಯೇ ಮಧುಮೇಹ, ಹೃದ್ರೋಗ, ಅರ್ಬುದ ಮೊದಲಾದವುಗಳ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಈ ರೋಗವನ್ನೂ ಸೇರಿಸಿತು.

ಇನ್ನು ಆ ವ್ಯಾಪಾರವು ನಡೆಯುವ ಬಗೆಯನ್ನು ತಿಳಿಯತಕ್ಕದ್ದು. ಬಲಪಕ್ಕೆಯ ಕೆಳಗೆ, ಸುಮಾರು ಒಂದೂವರೆ ಕಿಲೋ ತೂಕವುಳ್ಳ ಯಕೃತ್ತು ನೆಲೆಸಿದೆ. ಕರುಳುಗಳಿಂದ ಅನ್ನರಸವನ್ನು ಹೊತ್ತು ಬರುವ ರಕ್ತವು ದೇಹದ ಉಳಿದ ಭಾಗಗಳಿಗೆ ಹೋಗುವ ಮೊದಲು ಇಲ್ಲಿಗೆ ಬಂದು ಹಾಜರಿ ಹಾಕಬೇಕು. ಅನ್ನ, ರೊಟ್ಟಿ, ಮುದ್ದೆಗಳಿಂದ ಹುಟ್ಟಿದ ಸಕ್ಕರೆಯ ಒಂದು ಪಾಲನ್ನು ಯಕೃತ್ತು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟು, ಉಪವಾಸದ ಹೊತ್ತಿಗೆ ಹದವರಿತು ಹೊರಕ್ಕೆ ಬಿಡುವುದು. ಆದರೆ ಈ ಕಣಜ ಚಿಕ್ಕದು. ಅದರಲ್ಲಿ ಹಿಡಿಯುವುದು ಸುಮಾರು 100 ಗ್ರಾಂ. ಇದಕ್ಕಿಂತ ದೊಡ್ಡ ಕಣಜವು ಮೈಯ ಸ್ನಾಯುಗಳಲ್ಲಿದೆ. ಅಲ್ಲಿ ಸುಮಾರು 400 ಗ್ರಾಂ ಹಿಡಿಯುವುದುಂಟು. ಸ್ನಾಯುವು ದುಡಿದು ತನ್ನ ಕಣಜವನ್ನು ಬರಿದುಮಾಡಿಕೊಂಡರೆ ತಾನೆ ಹೊಸದಕ್ಕೆ ಎಡೆ? ದುಡಿಯದ ಸ್ನಾಯುವಿನ ಕಣಜವು ನಿನ್ನೆಯ ಅನ್ನದಿಂದಲೇ ತುಂಬಿರುವುದು. ಇನ್ಸುಲಿನ್ ಎಂಬ ಅಂತಃಸ್ರಾವವು ಬಂದು ಬಾಗಿಲು ತಟ್ಟಿದರೂ ಅದು ತೆರೆಯಲು ಹಿಂಜರಿಯುವುದು. ಆಗ ಮಿಕ್ಕ ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸುವುದು. ಇನ್ಸುಲಿನ್ನಿನ ಮಾತು ನಡೆಯದಿರುವಾಗ ಹೊಟ್ಟೆಯ ಸುತ್ತಲಿನ ಮೇದಸ್ಸೂ ಕರಗಿ ಹರಿದು ಯಕೃತ್ತನ್ನೇ ಸೇರುವುದು. ವಾಸ್ತವವಾಗಿ ಯಕೃತ್ತಿನ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಹೀಗೆ ಮೈಯ ಮೇದಸ್ಸಿನಿಂದ ಬಂದದ್ದು. ನೂರರಲ್ಲಿ ಐದು ಪಾಲಿಗಿಂತ ಮಿಗಿಲಾದರೆ ಅದು ರೋಗ. ಕೆಲವರಲ್ಲಿ ಅದು ಅಲ್ಲಿಗೇ ನಿಲ್ಲುವುದು. ಮತ್ತೆ ಕೆಲವರಲ್ಲಿ ಉರಿಯೂತವಾಗಿ, ನಾರುಗಟ್ಟಿ, ಕಡೆಗೆ ಯಕೃತ್ತೇ ಗಂಟುಗಂಟಾಗಿ ಕುಗ್ಗುವುದು. ಇದರ ಕೇಡು ಇರುವುದು ಮೌನದಲ್ಲಿ: ನೋವಿಲ್ಲ, ಕಾಮಾಲೆಯಿಲ್ಲ, ವರ್ಷಗಟ್ಟಲೆ ಯಾವ ಚಿಹ್ನೆಯೂ ತೋರದು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯನ್ನು ವಾಚಕರು ಬಲ್ಲರು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳಿಗೆ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದೇ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಲಕ್ಕಮ್ಮನು ಅದನ್ನು ಒಲೆಗೆ ಹಾಕಲಿಲ್ಲ. ನಿತ್ಯದ ಅಳತೆಗೆ ಮೀರಿದ್ದನ್ನು ತಂದ ಕಡೆಗೇ ಒಯ್ದು ಸುರಿದು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿದಳು. ಈ ಕಥೆಯನ್ನು ಅಪರಿಗ್ರಹದ ಉದಾಹರಣೆಯೆಂದು ಬೋಧಿಸುವುದು ವಾಡಿಕೆ, ಅದು ಸರಿಯೇ. ಆದರೆ ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ಅಕ್ಕಿಯು ಕದ್ದದ್ದಲ್ಲ, ಅಶುದ್ಧವೂ ಅಲ್ಲ, ಮಹಾಮನೆಯ ಅಕ್ಕಿಯೇ. ಅದರ ದೋಷವು ಗುಣದಲ್ಲಿರಲಿಲ್ಲ, ಪ್ರಮಾಣದಲ್ಲಿದ್ದಿತು. ಸಾತ್ತ್ವಿಕಾಹಾರವನ್ನೇ ಸೇವಿಸುವವನ ಯಕೃತ್ತಿನಲ್ಲಿ ಕೊಬ್ಬು ಹೇಗೆ ಸೇರಿತೆಂಬ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆ. ಯಕೃತ್ತಿಗೆ ಲಕ್ಕಮ್ಮನ ಆಯ್ಕೆಯಿಲ್ಲ. ಬಂದದ್ದನ್ನು ಹಿಂದಕ್ಕೆ ಕಳುಹಲು ಅದಕ್ಕೆ ಬಾಗಿಲಿಲ್ಲ. ಅಳತೆಗೆ ಮೀರಿ ಬಂದದ್ದು ಅಲ್ಲಿ ಕೂಡಿಕೊಳ್ಳುವುದು. ಅಳತೆಯನ್ನು ನೋಡತಕ್ಕವನು ಉಣ್ಣುವವನು.

ಇಲ್ಲಿ ಭಕ್ತರಲ್ಲಿ ರೂಢವಾಗಿರುವ ಒಂದು ತಪ್ಪು ತಿಳಿವಳಿಕೆಯನ್ನು ಎತ್ತಿ ಹೇಳುವುದು ಅವಶ್ಯ. ಪದಾರ್ಥವು ಲಿಂಗಾರ್ಪಿತವಾಗಿ ಪ್ರಸಾದವಾಗುವುದೆಂಬುದು ಸಿದ್ಧಾಂತ. ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲವು ಇದರ ಮೇಲೆಯೇ ನಿಂತಿದೆ. ಪ್ರಸಾದವನ್ನು ಚೆಲ್ಲಬಾರದು, ಎಲೆಯಲ್ಲಿ ಬಿಡಬಾರದು ಎಂಬ ಆಚಾರವು ಇದರಿಂದ ಹುಟ್ಟಿತು. ಆದರೆ ಜಾತ್ರೆಯ ದಾಸೋಹದಲ್ಲಿ ಕಾಣುವುದೇನು? ಬೇಡವೆಂದವನ ಎಲೆಗೆ ಹುಗ್ಗಿಯನ್ನು ಇನ್ನೊಂದು ಸವುಟು ಸುರಿಯುವುದು, ಆತನು ಪ್ರಸಾದವೆಂಬ ಭಯದಿಂದ ಹೊಟ್ಟೆ ಬಿರಿಯುವಂತೆ ಉಣ್ಣುವುದು! ಬಿಡಬಾರದೆಂಬ ನಿಯಮವು ನೀಡಿಸಿಕೊಳ್ಳುವಾಗ ಪಾಲಿಸಬೇಕಾದದ್ದು, ಉಂಡು ದಣಿದ ಮೇಲಲ್ಲ. ಶರಣರು ಅರ್ಪಿತದಲ್ಲಿ ಅವಧಾನವನ್ನು ಬೇಡಿದರು. ಒತ್ತಾಯದಿಂದ ಬಡಿಸಿದ ಎಲೆಯಲ್ಲಿ ಅವಧಾನವೆಲ್ಲಿಯದು? ಬಡಿಸುವವರ ಭಕ್ತಿಯು ದೊಡ್ಡದು, ನಿಜ. ಅವರ ಸವುಟು ಚಿಕ್ಕದಾದರೆ ಒಳ್ಳೆಯದು.

ಸಿಹಿಯ ವಿಷಯದಲ್ಲಿ ವಿಶೇಷವಾಗಿ ಎಚ್ಚರಬೇಕು. ಸಕ್ಕರೆಯ ಅರ್ಧಭಾಗವು ಫ್ರಕ್ಟೋಸ್ ಎಂಬ ದ್ರವ್ಯ. ಅದನ್ನು ಸ್ನಾಯುಗಳು ಬಹುಮಟ್ಟಿಗೆ ಬಳಸವು. ಅದರ ಹೆಚ್ಚಿನ ಹೊರೆಯು ಯಕೃತ್ತಿನ ಮೇಲೆಯೇ ಬೀಳುವುದು, ಮಿಕ್ಕರೆ ಸುಲಭವಾಗಿ ಕೊಬ್ಬಾಗುವುದು. ಬೆಲ್ಲವಾದರೆ ಬಾಧಕವಿಲ್ಲವೆಂಬುದು ಭ್ರಮೆ. ಬೆಲ್ಲದಲ್ಲಿಯೂ ಮುಖ್ಯವಾಗಿ ಇರುವುದು ಅದೇ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿದ ಉತ್ತಮ ಮಿತಿಯು ದಿನಕ್ಕೆ ಸುಮಾರು 25 ಗ್ರಾಂ, ಎಂದರೆ ಆರು ಚಮಚೆ. ನಾಲ್ಕು ಲೋಟ ಸಿಹಿ ಚಹಾ ಕುಡಿಯುವವನು ಊಟಕ್ಕೆ ಕೂರುವ ಮೊದಲೇ ಇದನ್ನು ದಾಟಿರುವನು. ಚರಕನು ಪ್ರಮೇಹದ ಕಾರಣಗಳನ್ನು ಎಣಿಸುವಾಗ ಸುಖಾಸನ, ಸುಖನಿದ್ರೆ, ಹೊಸ ಧಾನ್ಯ, ಬೆಲ್ಲದ ವಿಕಾರಗಳನ್ನು ಒಂದೇ ಉಸಿರಿನಲ್ಲಿ ಹೇಳಿರುವನು. ಆಸನವನ್ನೂ ಆಹಾರವನ್ನೂ ಆತನು ಬೇರ್ಪಡಿಸಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಊಟದಲ್ಲಿ ಪಲ್ಯ, ಸೊಪ್ಪು, ಕಾಳು, ಕೋಸಂಬರಿಗಳು ಎಲೆಯ ಅರ್ಧವನ್ನು ತುಂಬಿ, ಅನ್ನವು ಮೂಲೆಗೆ ಸರಿಯಬೇಕು. ಪಾಲಿಶ್ ಅಕ್ಕಿಗಿಂತ ಜೋಳ ರಾಗಿಗಳು ಮೇಲು. ಆದರೆ ಆರೋಗ್ಯಕರವೆಂದು ನಾಲ್ಕರ ಬದಲು ಆರು ರೊಟ್ಟಿ ತಿಂದರೆ ಪ್ರಯೋಜನವಿಲ್ಲ. ಎಣ್ಣೆಯಲ್ಲಿ ಕರಿದ ತಿನಿಸುಗಳ ಮಾತನ್ನು ಬೇರೆ ಹೇಳಬೇಕಾದದ್ದಿಲ್ಲ.

ಕಾಯಕದ ಮಾತಿಗೆ ಬಂದರೆ, ಶರಣರ ಹೆಸರುಗಳೇ ಸಾಕ್ಷಿ. ಮಡಿವಾಳ ಮಾಚಯ್ಯ ಬಟ್ಟೆ ಒಗೆದನು, ಅಂಬಿಗರ ಚೌಡಯ್ಯ ಹುಟ್ಟು ಹಾಕಿದನು, ಮೇದಾರ ಕೇತಯ್ಯ ಬಿದಿರು ಸೀಳಿದನು, ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದನು. ಅವರಿಗೆ ವ್ಯಾಯಾಮವೆಂಬ ಬೇರೆ ಸಾಧನೆ ಬೇಕಾಗಿರಲಿಲ್ಲ. ಕಾಯವು ಬೆವರಿಯೇ ಕಾಯಕವು ನಡೆಯುತ್ತಿತ್ತು. ಇಂದಿನ ಅಂಗಡಿಕಾರ, ಗುಮಾಸ್ತ, ಉಪಾಧ್ಯಾಯ, ಕಂಪ್ಯೂಟರಿನ ಮುಂದಿನ ಯುವಕ ಇವರ ಕಾಯಕವೂ ಸತ್ಯಶುದ್ಧವೇ; ಆದರೆ ಕುಳಿತು ಮಾಡುವಂಥದು. ಊಟ ಮಾತ್ರ ಹೊಲದಲ್ಲಿ ದುಡಿದ ಅಜ್ಜನದೇ ಉಳಿದಿದೆ. ಲಿಂಗಪೂಜೆಗೆ ಕುಳಿತ ಹೊತ್ತನ್ನು ವ್ಯಾಯಾಮದ ಲೆಕ್ಕಕ್ಕೆ ಸೇರಿಸುವವರೂ ಉಂಟು. ಅದು ಮನಸ್ಸಿನ ಲೆಕ್ಕ, ಸ್ನಾಯುವಿನದಲ್ಲ.

ದುಡಿಯುವ ಸ್ನಾಯುವಿಗೆ ಒಂದು ವಿಶೇಷ ಶಕ್ತಿಯಿದೆ: ಚಲಿಸುತ್ತಿರುವಾಗ ಅದು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆಯನ್ನು ಸೆಳೆದುಕೊಳ್ಳುವುದು. ಆದುದರಿಂದಲೇ ಉಂಡ ಮೇಲೆ ಮಾಡುವ ಹತ್ತು ಹದಿನೈದು ನಿಮಿಷಗಳ ನಡಿಗೆಯು ಕಾಣುವುದಕ್ಕಿಂತ ಹೆಚ್ಚು ಉಪಕಾರಿ. ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಚುರುಕಾಗಿ ನಡೆಯುವುದು, ಎರಡು ದಿನವಾದರೂ ಭಾರವೆತ್ತುವ ಅಥವಾ ಬಸ್ಕಿ ಹೊಡೆಯುವಂಥ ಕಸರತ್ತು, ಇದು ವೈದ್ಯರ ಸಾಮಾನ್ಯ ವಿಧಿ. ತಕ್ಕಡಿಯ ಮುಳ್ಳು ಕದಲದಿದ್ದರೂ ವ್ಯಾಯಾಮದಿಂದ ಯಕೃತ್ತಿನ ಕೊಬ್ಬು ಇಳಿಯುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ತೂಕ ಇಳಿಯಲಿಲ್ಲವೆಂದು ಒಂದೇ ತಿಂಗಳಲ್ಲಿ ನಡಿಗೆಯನ್ನು ಬಿಡುವವರಿಗೆ ಈ ವಿಷಯವು ತಿಳಿದಿರಲಿ.

ತೂಕವೂ ಇಳಿದರೆ ಫಲವು ಅಧಿಕ. 100ಕ್ಕೆ 5ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ಕಡಿಮೆಯಾಗುವುದು. 7ರಿಂದ 10ರಷ್ಟಾದರೆ ಉರಿಯೂತವು ಶಮನವಾಗುವ ಸಂಭವ ಹೆಚ್ಚು. ಕ್ಯೂಬಾ ದೇಶದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 293 ರೋಗಿಗಳು 52 ವಾರ ಆಹಾರನಿಯಮ ಮತ್ತು ನಡಿಗೆಗಳನ್ನು ಅನುಸರಿಸಿದರು. ತೂಕದ ಹತ್ತನೆಯ ಒಂದು ಪಾಲನ್ನೋ ಹೆಚ್ಚನ್ನೋ ಇಳಿಸಿದವರಲ್ಲಿ 100ಕ್ಕೆ 90 ಮಂದಿಗೆ ಉರಿಯೂತದ ರೋಗವು ವಾಸಿಯಾಯಿತು. 45 ಮಂದಿಗೆ ಕಟ್ಟಿದ ನಾರು ಕೂಡ ಹಿಮ್ಮೆಟ್ಟಿತು. ಆದರೆ ಅಷ್ಟು ಇಳಿಸಿದವರು ಹತ್ತರಲ್ಲಿ ಒಬ್ಬರು ಮಾತ್ರ. ಹಾದಿ ಸುಲಭವೆಂದು ಯಾರೂ ಹೇಳರು.

ಹೀಗೆಂದು ಅವಸರಪಡುವುದೂ ಸಲ್ಲದು. ಶ್ರಾವಣದಲ್ಲಿ ಕಠಿಣ ಉಪವಾಸ, ಅದು ಮುಗಿದೊಡನೆ ಹಬ್ಬದೂಟ, ಈ ಬಗೆಯ ಏರಿಳಿತವು ಯಕೃತ್ತಿಗೆ ಹಿತವಲ್ಲ. ತೀರ ಬೇಗ ತೂಕ ಇಳಿಸಿದರೆ ರೋಗವು ಉಲ್ಬಣಿಸುವುದೂ ಉಂಟು. ವಾರಕ್ಕೆ ಒಂದು ಕಿಲೋ ಮೀರದಿರುವುದು ಲೇಸು. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸವ್ರತವನ್ನು ಹಿಡಿಯಬಾರದು. ಮೇಲ್ನೋಟಕ್ಕೆ ತೆಳ್ಳಗಿರುವವರೂ ಸೊಂಟದ ಸುತ್ತಳತೆಯನ್ನು ನೋಡಿಕೊಳ್ಳಬೇಕು. ನಮ್ಮ ದೇಶದವರಲ್ಲಿ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರು ಮೀರಿದರೆ ಅಪಾಯದ ಸೂಚನೆ. ಮಧುಮೇಹವಾಗಲಿ ಸ್ಥೂಲತೆಯಾಗಲಿ ಇದ್ದವರು, ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಕಿಗಳು ಸರಿಯಾಗಿವೆಯೆಂದ ಮಾತ್ರಕ್ಕೆ ನಿಶ್ಚಿಂತರಾಗದೆ, ನಾರು ಕಟ್ಟಿದೆಯೇ ಎಂದು ವೈದ್ಯರನ್ನು ಕೇಳಿ ಪರೀಕ್ಷಿಸಿಕೊಳ್ಳತಕ್ಕದ್ದು. ರೋಗವು ಮುಂದುವರಿದಾಗಲೂ ಆ ಅಂಕಿಗಳು ಸಹಜವಾಗಿಯೇ ಇರುವುದುಂಟು.