ಕಡಲಾಚೆ ಮಾರಿದ ಸರಕು ಮರಳಿ ಬಂದರೆ: ಸುಂಕ ಮತ್ತು ಸಾಗಣೆಯ ಲೆಕ್ಕ



ಹೊಲದಲ್ಲಿ ಕೆಲಸ ಕಡಿಮೆಯಾಗುವ ಬೇಸಗೆಯ ತಿಂಗಳುಗಳಲ್ಲಿ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿಯುವುದು ಹಳೆಯ ವಾಡಿಕೆ. ಮೊದಲು ಈ ಕೌದಿಗಳು ಮನೆಯ ಬಳಕೆಗೆ, ಹೆಚ್ಚೆಂದರೆ ಮಗಳ ಗಂಡನ ಮನೆಗೆ ಹೋಗುತ್ತಿದ್ದವು. ಈಗ ಮೊಬೈಲಿನಲ್ಲಿ ಚಿತ್ರ ತೆಗೆದು ಆನ್‌ಲೈನ್ ಅಂಗಡಿಯಲ್ಲಿಟ್ಟರೆ ಅಮೆರಿಕ, ಬ್ರಿಟನ್, ಜರ್ಮನಿಯ ಗಿರಾಕಿಗಳೂ ಕೊಳ್ಳುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಕೌದಿ ತೂಕದ ಸರಕು. ಕಳುಹಿಸಿದ ಒಂದು ಕೌದಿ ಮರಳಿ ಬಂದರೆ ನಾಲ್ಕು ಕೌದಿಯ ಲಾಭ ಅದರಲ್ಲಿಯೇ ಕರಗಿ ಹೋಗಬಹುದು. ಇದು ಹೇಗೆ, ಇದನ್ನು ತಡೆಯುವುದು ಹೇಗೆ ಎಂಬುದೇ ಈ ಪಾಠದ ವಿಷಯ. ಕೌದಿಯನ್ನು ಉದಾಹರಣೆಗಾಗಿ ತೆಗೆದುಕೊಂಡಿದೆ. ಇಳಕಲ್ ಸೀರೆ, ಕಸೂತಿ ಚೀಲ, ಚನ್ನಪಟ್ಟಣದ ಗೊಂಬೆ, ಯಾವುದನ್ನು ಕಳುಹಿಸಿದರೂ ಲೆಕ್ಕದ ರೀತಿ ಒಂದೇ.

ಸುಂಕ ಯಾರು ಕಟ್ಟಬೇಕು?

ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವ ರೈತನಿಗೆ ಗಾಡಿ ಬಾಡಿಗೆ ಎಷ್ಟು, ಹಮಾಲಿ ಎಷ್ಟು ಎಂಬುದು ಮನೆ ಬಿಡುವ ಮುಂಚೆಯೇ ಗೊತ್ತಿರುತ್ತದೆ. ಪರದೇಶದ ಮಾರಾಟದಲ್ಲಿಯೂ ಹೀಗೆಯೇ ಮೊದಲೇ ತಿಳಿದಿರಬೇಕು. ಅಂಚೆ ವೆಚ್ಚ ಕಟ್ಟಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಸರಕು ಯಾವ ದೇಶವನ್ನು ಪ್ರವೇಶಿಸುತ್ತದೆಯೋ ಆ ದೇಶದ ಸರಕಾರ ಆಮದು ಸುಂಕವನ್ನೂ ಅಲ್ಲಿಯ ಮಾರಾಟ ತೆರಿಗೆಯನ್ನೂ ಕೇಳಬಹುದು. ಅವನ್ನು ವಸೂಲು ಮಾಡಿಕೊಡುವ ಅಂಚೆಯವರೋ ಕೊರಿಯರಿನವರೋ ತಮ್ಮ ಶ್ರಮಕ್ಕೆ ಬೇರೆ ಶುಲ್ಕ ಕೇಳಬಹುದು.

ಇದರಲ್ಲಿ ಎರಡು ಪದ್ಧತಿಗಳಿವೆ. ಕಳುಹಿಸುವವರೇ ಸುಂಕ ಕಟ್ಟಿ ಬಾಗಿಲಿಗೆ ತಲುಪಿಸುವುದು ಒಂದು, ಇದಕ್ಕೆ ಡಿ.ಡಿ.ಪಿ. ಎನ್ನುತ್ತಾರೆ. ಸರಕು ತಲುಪಿದಾಗ ಗಿರಾಕಿಯೇ ಸುಂಕ ಕಟ್ಟಿ ಬಿಡಿಸಿಕೊಳ್ಳುವುದು ಇನ್ನೊಂದು, ಇದಕ್ಕೆ ಡಿ.ಎ.ಪಿ. ಎನ್ನುತ್ತಾರೆ. ಎರಡನೆಯದು ನಮಗೆ ಅಗ್ಗವೆಂದು ತೋರುತ್ತದೆ. ಆದರೆ ಸುಂಕದ ಮಾತನ್ನು ಮೊದಲೇ ಕೇಳಿರದ ಗಿರಾಕಿ ಬಾಗಿಲಿಗೆ ಬಂದ ಪಾರ್ಸಲನ್ನು ಬೇಡವೆಂದು ಹಿಂದಕ್ಕೆ ಕಳುಹಿಸುತ್ತಾನೆ. ಆಗ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ.

ಕೆಲವು ದೇಶಗಳ ನಿಯಮಗಳು

ಅಮೆರಿಕ: 800 ಡಾಲರಿನವರೆಗಿನ ಪಾರ್ಸಲುಗಳಿಗೆ ಅಲ್ಲಿ ಸುಂಕದ ವಿನಾಯಿತಿ ಇತ್ತು. 2025ರ ಆಗಸ್ಟ್ 29ರಿಂದ ಅದನ್ನು ಎಲ್ಲ ದೇಶಗಳ ಸರಕಿಗೂ ನಿಲ್ಲಿಸಲಾಯಿತು. ಆ ಸಮಯದಲ್ಲಿ ನಮ್ಮ ಅಂಚೆ ಇಲಾಖೆ ಅಮೆರಿಕಕ್ಕೆ ಪಾರ್ಸಲು ತೆಗೆದುಕೊಳ್ಳುವುದನ್ನು ಕೆಲವು ವಾರ ನಿಲ್ಲಿಸಿ, ಅಕ್ಟೋಬರ್ 15ರಿಂದ ಪುನಃ ಆರಂಭಿಸಿತು. ಆಗ ಸುಂಕವನ್ನು ಕಳುಹಿಸುವಾಗಲೇ ಕಟ್ಟಿಸಿಕೊಳ್ಳುವ ಪದ್ಧತಿ ಬಂದಿತು. ಸುಂಕದ ದರ ಮೇಲಿಂದ ಮೇಲೆ ಬದಲಾಗುತ್ತಿರುವುದರಿಂದ ಪ್ರತಿ ಪಾರ್ಸಲಿಗೂ ಆ ದಿನದ ದರವನ್ನೇ ಕೇಳಿ ತಿಳಿಯಬೇಕು.

ಬ್ರಿಟನ್: 2021ರ ಜನವರಿ 1ರಿಂದ, 135 ಪೌಂಡ್ ಮೀರದ ಸರಕಿನ ಮೇಲಿನ ವ್ಯಾಟ್ ತೆರಿಗೆಯನ್ನು ಮಾರುವಾಗಲೇ ವಸೂಲು ಮಾಡಬೇಕೆಂಬ ನಿಯಮ ಬಂದಿದೆ. ದೊಡ್ಡ ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರಿದರೆ ಆ ಮಾರುಕಟ್ಟೆಯೇ ಅದನ್ನು ವಸೂಲು ಮಾಡಿ ಕಟ್ಟುತ್ತದೆ.

ಯುರೋಪಿನ ಒಕ್ಕೂಟ: ಸಣ್ಣ ಪಾರ್ಸಲಿಗಿದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ರಂದೇ ಹೋಯಿತು. 150 ಯೂರೋವರೆಗಿನ ಸರಕಿಗೆ ಆಮದು ಸುಂಕ ಮಾತ್ರ ಇರಲಿಲ್ಲ. 2026ರ ಜುಲೈ 1ರಿಂದ ಅಂಥ ಪಾರ್ಸಲುಗಳ ಸರಕಿಗೂ 3 ಯೂರೋ ಸುಂಕ ಹಾಕಬೇಕೆಂದು 2025ರ ಡಿಸೆಂಬರಿನಲ್ಲಿ ಒಕ್ಕೂಟದ ದೇಶಗಳು ನಿಶ್ಚಯಿಸಿದವು.

ಸರಕು ಆ ದೇಶವನ್ನು ಪ್ರವೇಶಿಸಲು ಅಡ್ಡಿಯಿದೆಯೇ ಎಂಬುದನ್ನೂ ವಿಚಾರಿಸಿರಿ. ಅಡಕೆ ಹಾಳೆಯ ತಟ್ಟೆಗಳ ವಿಷಯದಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಆಮದು ಎಚ್ಚರಿಕೆ ಹೊರಡಿಸಿದುದನ್ನು ತಟ್ಟೆ ಮಾಡುವವರು ಮರೆಯಬಾರದು. ಬಟ್ಟೆಯ ಸರಕಾದರೆ ನೂಲು ಯಾವುದು, ಯಾವ ದೇಶದಲ್ಲಿ ಆದದ್ದು ಎಂಬ ಚೀಟಿಯನ್ನು ಅಮೆರಿಕದವರು ಕೇಳುತ್ತಾರೆ. ಅದನ್ನು ಕೌದಿಯ ಮೂಲೆಗೆ ಹೊಲಿದುಬಿಡಿ.

ಹೊರಡುವ ದಿನದ ಕಾಗದಪತ್ರ

ಸರಕು ಮರಳಿ ಬಂದ ದಿನ ನಿಮ್ಮನ್ನು ಕಾಪಾಡುವುದು ಅದು ಹೊರಟ ದಿನದ ಕಾಗದಗಳೇ. ಆದುದರಿಂದ ಈ ಕೆಳಗಿನವುಗಳಲ್ಲಿ ಲಕ್ಷ್ಯವಿಡಬೇಕು.

1. ಆಮದು-ರಫ್ತು ಸಂಖ್ಯೆ, ಅಂದರೆ ಐ.ಇ.ಸಿ. ಇದನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕೊಡುತ್ತದೆ. ಶುಲ್ಕ 500 ರೂಪಾಯಿ. ಬದಲಾವಣೆ ಏನೂ ಇಲ್ಲದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ವಿವರಗಳು ಸರಿಯಾಗಿವೆಯೆಂದು ದೃಢಪಡಿಸಬೇಕು. ಇಲ್ಲವಾದರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ.

2. ಅಂಚೆ ರಫ್ತು ಪತ್ರ. ದೇಶದಲ್ಲಿ ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದಿದ್ದಾರೆ. ಪತ್ರವನ್ನು ಗಣಕಯಂತ್ರದಲ್ಲಿಯೇ ತುಂಬಿ ಇಲ್ಲಿಂದ ಕಳುಹಿಸಬಹುದು. 2026ರ ಜನವರಿ 15ರಿಂದ ಅಂಚೆಯ ರಫ್ತಿಗೂ ಸುಂಕ ವಾಪಸಾತಿ ಮೊದಲಾದ ಪ್ರಯೋಜನಗಳು ದೊರೆಯುವ ಏರ್ಪಾಡಾಗಿದೆ.

3. ಸರಕಿನ ಸಂಕೇತ. ‘ಹೊದಿಕೆ’ ಎಂದಷ್ಟೇ ಬರೆದರೆ ಸಾಲದು. ಸುಂಕದ ಪಟ್ಟಿಯಲ್ಲಿ ಕಂಬಳಿಯಂಥ ಹೊದಿಕೆ 6301ರಲ್ಲಿಯೂ ಪದರ ಕೂಡಿಸಿ ಹೊಲಿದ ರಜಾಯಿಯಂಥವು 9404ರಲ್ಲಿಯೂ ಬರುತ್ತವೆ. ಸಂಕೇತ ಬದಲಾದರೆ ದರವೂ ಬದಲಾಗುತ್ತದೆ. ನಿಮ್ಮ ಕೌದಿ ಯಾವುದರಲ್ಲಿ ಸೇರುತ್ತದೆಂಬುದನ್ನು ತಿಳಿದವರಿಂದ ಒಮ್ಮೆ ನಿರ್ಧರಿಸಿಕೊಂಡು, ಪ್ರತಿ ಸಾರಿಯೂ ಅದನ್ನೇ ಬರೆಯಿರಿ.

4. ಬಿಲ್ಲು ಮತ್ತು ಗುರುತು. ಪ್ರತಿ ಕೌದಿಗೆ ಒಂದು ಸಂಖ್ಯೆ ಕೊಟ್ಟು ಬಟ್ಟೆಯ ಚೀಟಿಯ ಮೇಲೆ ಹೊಲಿಯಿರಿ. ಅದೇ ಸಂಖ್ಯೆ ಬಿಲ್ಲಿನಲ್ಲಿಯೂ ಇರಲಿ. ಎರಡು ಬದಿಯ ಚಿತ್ರ, ತೂಕ, ಅಂಚೆಯ ರಸೀದಿ, ಇವನ್ನು ಒಂದೇ ಲಕೋಟೆಯಲ್ಲಿಡಿ.

ಸುಂಕ ಉಳಿಸಲೆಂದು ಮಾರಿದ ಸರಕನ್ನು ‘ಉಡುಗೊರೆ’ ಎಂದು ಬರೆಯುವುದಾಗಲಿ, 6,000 ರೂಪಾಯಿಯದನ್ನು 600 ಎಂದು ಬರೆಯುವುದಾಗಲಿ ಕೂಡದು. ಅದು ಅಪರಾಧ. ಅಲ್ಲದೆ, ಪಾರ್ಸಲು ಕಳೆದುಹೋದರೆ ಪರಿಹಾರ ಕೇಳುವಾಗ ನೀವು ಬರೆದ 600ನ್ನೇ ನಿಮಗೆ ತೋರಿಸುತ್ತಾರೆ.

ಒಂದು ಕೌದಿಯ ಲೆಕ್ಕ

ಸುಲಭವಾಗಿ ತಿಳಿಯಲೆಂದು ದುಂಡು ಅಂಕಿಗಳನ್ನು ಹಾಕಿದೆ. ನಿಮ್ಮ ಅಂಕಿಗಳನ್ನು ನೀವು ಹಾಕಿಕೊಳ್ಳಿರಿ.

ಕೌದಿಯ ಬೆಲೆ 6,000 ರೂಪಾಯಿ. ಹೋಗುವ ಸಾಗಣೆ 2,500. ಗಿರಾಕಿ ಕೊಟ್ಟ ಹಣ 8,500. ಬಟ್ಟೆ, ದಾರ, ಹೊಲಿದವರ ಕೂಲಿ, ಅಂಗಡಿಯ ಕಮಿಷನ್ ಎಲ್ಲ ಕಳೆದು ಸಂಘಕ್ಕೆ ಉಳಿಯುವುದು 1,500 ಎನ್ನೋಣ.

ಗಿರಾಕಿ ಕೌದಿಯನ್ನು ಮರಳಿಸಿದನು. ಅವನ 8,500 ರೂಪಾಯಿ ಹಿಂದಕ್ಕೆ ಕೊಡಬೇಕಾಯಿತು. ಹೋಗುವಾಗಿನ ಸಾಗಣೆ 2,500 ನಮಗೆ ನಷ್ಟ. ಬರುವಾಗಿನ ಸಾಗಣೆ 3,000 ಕೂಡ ನಮ್ಮ ತಲೆಗೇ ಬಂದರೆ ಒಟ್ಟು ನಷ್ಟ 5,500. ಕೌದಿಯೇನೋ ಕೈಗೆ ಬಂತು. ಆದರೆ ಈ ನಷ್ಟ ತುಂಬಲು ಇನ್ನೂ ನಾಲ್ಕು ಕೌದಿ ಮಾರಬೇಕು. ಹೋಗುವಾಗ ಸುಂಕವೆಂದು ನಾವೇ 1,200 ಕಟ್ಟಿದ್ದರೆ ನಷ್ಟ 6,700ಕ್ಕೆ ಏರುತ್ತದೆ.

ಇದರಿಂದ ತಿಳಿಯುವುದೇನೆಂದರೆ, ಸಣ್ಣ ದೋಷಕ್ಕಾಗಿ ಸರಕನ್ನು ಹಿಂದಕ್ಕೆ ತರಿಸಬಾರದು. ಒಂದು ಹೊಲಿಗೆ ಬಿಟ್ಟಿದೆ, ಬಣ್ಣ ಚಿತ್ರದಲ್ಲಿದ್ದಂತಿಲ್ಲ ಎಂದು ಗಿರಾಕಿ ಬರೆದರೆ ಚಿತ್ರ ತರಿಸಿ ನೋಡಿ, 1,000 ಅಥವಾ 1,500 ರೂಪಾಯಿ ಬಿಟ್ಟುಕೊಟ್ಟು ಕೌದಿಯನ್ನು ಅವನಲ್ಲಿಯೇ ಇರಿಸಲು ಕೇಳಿರಿ. ಒಂದು ಕೌದಿಯ ಲಾಭ ಹೋಗಬಹುದು, ನಾಲ್ಕರ ಲಾಭ ಉಳಿಯುತ್ತದೆ. ಅದೇ ದೇಶದಲ್ಲಿ ಇನ್ನೊಬ್ಬ ಗಿರಾಕಿ ಇದ್ದರೆ ಅಲ್ಲಿಂದಲೇ ಅವನಿಗೆ ಕಳುಹಿಸುವ ಏರ್ಪಾಡು ಮಾಡಬಹುದು.

ಪ್ರತಿ ಮಾರಾಟದಿಂದ 300 ರೂಪಾಯಿ ತೆಗೆದು ‘ವಾಪಸು ನಿಧಿ’ ಎಂದು ಬೇರೆ ಇಡಿರಿ. ಇಪ್ಪತ್ತು ಕೌದಿಗೆ 6,000 ಆಗುತ್ತದೆ. ಇಪ್ಪತ್ತರಲ್ಲಿ ಒಂದು ಮರಳಿ ಬಂದರೂ ಹೊಲಿದವರ ಕೂಲಿಗೆ ಕೈಹಾಕಬೇಕಾಗುವುದಿಲ್ಲ.

ಮಾರುವ ಮೊದಲೇ ಬರೆದಿಡಬೇಕಾದ ಶರತ್ತು

ಯುರೋಪಿನ ಒಕ್ಕೂಟದಲ್ಲಿಯೂ ಬ್ರಿಟನ್ನಿನಲ್ಲಿಯೂ ಆನ್‌ಲೈನ್‌ನಲ್ಲಿ ಕೊಂಡ ಗಿರಾಕಿಗೆ ಸರಕು ಕೈಸೇರಿದ ಮೇಲೆ 14 ದಿನಗಳೊಳಗೆ ಕಾರಣ ಹೇಳದೆ ಬೇಡವೆನ್ನುವ ಹಕ್ಕಿದೆ. ಆಗ ಬೆಲೆಯೊಂದಿಗೆ ಹೋಗುವಾಗಿನ ಸಾಧಾರಣ ಸಾಗಣೆ ವೆಚ್ಚವನ್ನೂ ಹಿಂದಕ್ಕೆ ಕೊಡಬೇಕು. ಹಿಂದಕ್ಕೆ ಕಳುಹಿಸುವ ವೆಚ್ಚ ಗಿರಾಕಿಯದು. ಆದರೆ ಈ ಮಾತನ್ನು ಮಾರುವ ಮೊದಲೇ ಅವನಿಗೆ ತಿಳಿಸಿರಬೇಕು. ತಿಳಿಸದಿದ್ದರೆ ಆ ವೆಚ್ಚವೂ ಮಾರಿದವರದೇ. ಒಂದು ಸಾಲು ಬರೆಯದಿದ್ದ ಮಾತ್ರಕ್ಕೆ ಮೇಲಿನ ಲೆಕ್ಕದ 3,000 ರೂಪಾಯಿ ನಮ್ಮ ಪಾಲಾಗುವುದು ಹೀಗೆ. ಗಿರಾಕಿಯ ಹೆಸರು ಹೊಲಿದು, ಅವನು ಹೇಳಿದ ಅಳತೆಗೆ ಮಾಡಿಕೊಟ್ಟ ಸರಕಿಗೆ ಈ 14 ದಿನದ ಹಕ್ಕು ಇಲ್ಲ. ಆದರೆ ಹೊಲಿಗೆ ಕೆಟ್ಟಿದ್ದರೆ ಹೊಣೆ ನಮ್ಮದೇ.

ಆದುದರಿಂದ ಸರಕಿನ ಚಿತ್ರದ ಕೆಳಗೆ ಈ ನಾಲ್ಕು ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆಯಿಸಿರಿ:

‘ನಿಮ್ಮ ದೇಶದ ಸುಂಕ ಮತ್ತು ತೆರಿಗೆ ಬೆಲೆಯಲ್ಲಿ ಸೇರಿದೆ’ ಅಥವಾ ‘ಸೇರಿಲ್ಲ, ನೀವು ಕಟ್ಟಬೇಕು’. ‘ಮರಳಿಸುವ ಮೊದಲು ಚಿತ್ರದೊಂದಿಗೆ ನಮಗೆ ತಿಳಿಸಿರಿ’. ‘ಮನಸ್ಸು ಬದಲಾಯಿಸಿ ಮರಳಿಸಿದರೆ ಸಾಗಣೆ ವೆಚ್ಚ ನಿಮ್ಮದು’. ‘ದೋಷ ನಮ್ಮದಾದರೆ ವೆಚ್ಚ ನಮ್ಮದು’.

ಆನ್‌ಲೈನ್ ಅಂಗಡಿಗೆ ತನ್ನದೇ ವಾಪಸಾತಿ ನಿಯಮ ಇದ್ದರೆ ಅದನ್ನು ಮೊದಲು ಓದಿಸಿ ಕೇಳಿರಿ. ನಮ್ಮ ಶರತ್ತು ಅದಕ್ಕೆ ವಿರೋಧವಾಗಿರಬಾರದು.

ಸರಕು ನಮ್ಮ ದೇಶಕ್ಕೆ ಮರಳಿದಾಗ

ನಮ್ಮದೇ ಸರಕು ನಮ್ಮ ಊರಿಗೆ ಬರುವಾಗ ಸುಂಕವೇಕೆ ಎಂದು ಕೇಳುವವರುಂಟು. ಗಡಿಯಲ್ಲಿರುವ ಅಧಿಕಾರಿಗೆ ಅದು ನಿಮ್ಮದೇ ಎಂದು ತಿಳಿಯುವುದು ಕಾಗದದಿಂದ ಮಾತ್ರ. 2017ರ ಜೂನ್ 30ರ 45ನೆಯ ಕಸ್ಟಮ್ಸ್ ಅಧಿಸೂಚನೆಯಂತೆ, ರಫ್ತಾದ ಸರಕು ಮೂರು ವರ್ಷದೊಳಗೆ ಮರಳಿ ಬಂದು, ಹೋದದ್ದೇ ಬಂದದ್ದೆಂದು ಅಧಿಕಾರಿಗೆ ಮನವರಿಕೆಯಾದರೆ ಪೂರ್ತಿ ಆಮದು ಸುಂಕ ಬೀಳುವುದಿಲ್ಲ. ರಫ್ತಿನ ಮೇಲೆ ಪಡೆದ ಸುಂಕ ವಾಪಸಾತಿಯನ್ನು ಮಾತ್ರ ಹಿಂದಕ್ಕೆ ಕಟ್ಟಬೇಕು. ಎಲ್.ಯು.ಟಿ. ಎಂಬ ಮುಚ್ಚಳಿಕೆ ಕೊಟ್ಟು ಜಿ.ಎಸ್.ಟಿ. ಕಟ್ಟದೆ ಕಳುಹಿಸಿದ್ದರೆ ಆಗ ಬಿಟ್ಟ ತೆರಿಗೆಯನ್ನು ಈಗ ಕಟ್ಟಬೇಕು.

ಹಾಗಾಗಿ ಮರಳಿಸುವ ಗಿರಾಕಿಗೆ ಹೀಗೆ ತಿಳಿಸಿರಿ: ಪಾರ್ಸಲಿನ ಮೇಲೆ ‘ಮರಳಿಸಿದ ಸರಕು’ ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆಯಬೇಕು, ನಮ್ಮ ಮೊದಲ ಬಿಲ್ಲಿನ ಪ್ರತಿಯನ್ನೂ ಮೊದಲ ಅಂಚೆ ಸಂಖ್ಯೆಯನ್ನೂ ಹೊರಗೆ ಅಂಟಿಸಬೇಕು, ಮರಳಿಸಲು ಕಾರಣವೇನೆಂದು ಒಂದು ಸಾಲು ಬರೆಯಬೇಕು. ಕೌದಿಯ ಮೂಲೆಯ ಸಂಖ್ಯೆಯೂ ಬಿಲ್ಲಿನ ಸಂಖ್ಯೆಯೂ ಹೊಂದಿದರೆ ಕೆಲಸ ಸುಲಭವಾಗುತ್ತದೆ.

ಗಿರಾಕಿ ತನ್ನ ದೇಶದಲ್ಲಿ ಕಟ್ಟಿದ ಸುಂಕವನ್ನು ನಾವು ಕೊಡಲು ಬರುವುದಿಲ್ಲ. ಅದನ್ನು ಅವನೇ ಅಲ್ಲಿಯ ಇಲಾಖೆಗೆ ಅರ್ಜಿ ಹಾಕಿ ಕೇಳಬೇಕು. ಬ್ರಿಟನ್ನಿನಲ್ಲಿ ಅಂಚೆಯ ಸರಕಿಗೆ ಬಿ.ಒ.ಆರ್. 286 ಎಂಬ ನಮೂನೆ ಇದೆ. ಗಿರಾಕಿಗೆ ಇಷ್ಟನ್ನು ತಿಳಿಸಿದರೂ ಅವನ ಸಿಟ್ಟು ಇಳಿದು ನಮ್ಮ ಅಂಗಡಿಯ ಹೆಸರು ಉಳಿಯುತ್ತದೆ.

ಪಾರ್ಸಲು ಕಳುಹಿಸುವಾಗ, ಗಿರಾಕಿ ಸಿಕ್ಕದಿದ್ದರೆ ಏನು ಮಾಡಬೇಕೆಂದು ಅಂಚೆಯ ನಮೂನೆಯಲ್ಲಿ ಕೇಳಿರುತ್ತಾರೆ: ಹಿಂದಕ್ಕೆ ಕಳುಹಿಸಬೇಕೇ, ಅಲ್ಲಿಯೇ ಬಿಟ್ಟುಬಿಡಬೇಕೇ? ಬರುವ ಸಾಗಣೆಯ ವೆಚ್ಚ ಸರಕಿನ ಬೆಲೆಗಿಂತ ಹೆಚ್ಚಾದರೆ ಬಿಟ್ಟುಬಿಡುವುದೇ ಲೇಸು. ಕಣ್ಣು ಮುಚ್ಚಿ ಗುರುತು ಹಾಕಬಾರದು, ಲೆಕ್ಕ ನೋಡಿ ಹಾಕಬೇಕು.

ಕೊನೆಯದಾಗಿ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಗಬಾರದು. ಮುಂದಿನ ಪಾರ್ಸಲು ಕಟ್ಟುವ ಮುಂಚೆ ಸಂಘದ ಸಭೆಯಲ್ಲಿ ಮೂರು ಕೆಲಸ ಮುಗಿಸಿರಿ: ನಾಲ್ಕು ಶರತ್ತುಗಳನ್ನು ಬರೆಯಿಸಿ ಅಂಗಡಿಯಲ್ಲಿ ಹಾಕುವುದು, ವಾಪಸು ನಿಧಿಗೆ ಎಷ್ಟು ತೆಗೆಯಬೇಕೆಂದು ಗೊತ್ತುಮಾಡುವುದು, ಕಾಗದದ ಲಕೋಟೆಗಳನ್ನು ಜೋಪಾನ ಮಾಡಲು ಓದುಬರಹ ಬಲ್ಲ ಒಬ್ಬ ಸದಸ್ಯೆಯನ್ನು ಆರಿಸುವುದು. ಬೇಸಗೆಯೆಲ್ಲ ಬೆರಳು ನೋಯಿಸಿಕೊಂಡು ಹೊಲಿದವರ ಕೂಲಿ ಸಾಗಣೆಯ ದಾರಿಯಲ್ಲಿ ಸೋರಿ ಹೋಗದಂತೆ ನೋಡಿಕೊಳ್ಳುವುದು ಸಂಘದ ಹೊಣೆ.

— ಗ್ರಾಮಸೇವಕ